ಮರೆತುಹೋಗುತ್ತದೆ ಎಂದು ಬರೆದೆಯಲ್ಲ

ಕಾರವಾರ
ಭಾನುವಾರ ಸಂಜೆ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದ.

ತಮಾ, ನಿನ್ನ ಪತ್ರ ಗುರುವಾರ ಕೈಸೇರಿತು. ರಿವಾಲ್ವರಿಗೆ ಲೈಸೆನ್ಸ್ ಆದದ್ದು, ದೇವಿಮನೆ ಘಟ್ಟ ಇಳಿಯುವಾಗ ಅಡಿಕೆ ದುಡ್ಡು ನಿನ್ನ ಹತ್ತಿರವೇ ಇರುವುದು, ಅಕ್ಕನಿಗೆ ಇದ್ಯಾವುದೂ ಇಷ್ಟವಿಲ್ಲದ್ದು, ಎಲ್ಲ ಗೊತ್ತಿದ್ದದ್ದೇ. ಅದನ್ನು ಮತ್ತೆ ಕೆದಕುವುದಿಲ್ಲ. ಕೊನೆಗೆ ಒಂದು ಸಾಲು ಬರೆದಿದ್ದೀಯ: "ಎಷ್ಟು ಹಗುರ ಅಂದರೆ ಮಾವ, ಜೇಬಿನಲ್ಲಿ ಇದ್ದದ್ದೇ ಮರೆತುಹೋಗುತ್ತದೆ." ನೀನು ಹೊಗಳಿ ಬರೆದದ್ದು. ನನಗೆ ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಹತ್ತಿಲ್ಲ.

ಹಗುರ ಅನ್ನುವುದೇನೂ ಸುಳ್ಳಲ್ಲ. 1950ರಲ್ಲಿ ಸ್ಮಿತ್ ಆ್ಯಂಡ್ ವೆಸನ್‌ನವರು ತಂದ ಐದು ಗುಂಡಿನ ಗಿಡ್ಡ ಉಕ್ಕಿನ ರಿವಾಲ್ವರ್ ಅರ್ಧ ಕಿಲೋ ದಾಟುತ್ತಿತ್ತು. ಒಂದೆರಡು ವರ್ಷಕ್ಕೇ ಅದಕ್ಕೆ ಅಲ್ಯುಮಿನಿಯಂ ಮೈ ಕೊಟ್ಟು ಇನ್ನೂ ಇಳಿಸಿದರು. ನಮ್ಮಲ್ಲಿ 2014ರಲ್ಲಿ ಕಾನ್ಪುರದಿಂದ ಬಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ನಿನ್ನದೂ ಅಷ್ಟೇ ತೂಕ ಎಂದು ಬರೆದಿದ್ದೀಯ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು. ಆಯುಧ ಇಡುವ ಆರ್ಮರಿಯಲ್ಲಿ ನನ್ನ ಕೈಯಲ್ಲಿ ಓಡಾಡಿದ ಉಕ್ಕಿನವು ಇಡೀ ದಿನ ಸೊಂಟ ಜಗ್ಗುತ್ತಿದ್ದವು, ಸಂಜೆಗೆ ಎಲ್ಲರೂ ಬೈದುಕೊಂಡೇ ಬಿಚ್ಚಿಡುತ್ತಿದ್ದರು. ಆ ಜಗ್ಗುವಿಕೆಯೇ ಕಾವಲು ಎಂದು ಆಗ ಯಾರಿಗೆ ಹೊಳೆದಿತ್ತು!

ಮರೆತರೆ ಏನಾಗುತ್ತದೆ ಹೇಳುತ್ತೇನೆ. ರಾತ್ರಿ ಹತ್ತಕ್ಕೆ ಬಂದು ಪ್ಯಾಂಟು ಬಿಚ್ಚಿ ಜಗಲಿಯ ಗೂಟಕ್ಕೆ ಸಿಕ್ಕಿಸಿ ಸ್ನಾನಕ್ಕೆ ಹೋಗುತ್ತೀಯ. ಗೂಟ ಮನೆಯ ಕೂಸಿನ ತಲೆಗಿಂತ ಒಂದು ಗೇಣು ಮೇಲೆ, ಪ್ಯಾಂಟಿನ ಜೇಬು ಅದರ ಮುಖದ ಎದುರಿಗೆ. ಟ್ರಿಗರ್ ಗಟ್ಟಿ, ಐದು ಕಿಲೋದಷ್ಟು ಬಲ ಬೇಕು, ನಾಲ್ಕು ವರ್ಷದ ಮಗುವಿನ ಬೆರಳಿಗೆ ಆಗುವುದಿಲ್ಲ ಎಂದು ನೀನು ಅಂದುಕೊಳ್ಳಬಹುದು. ಮಕ್ಕಳು ನಮ್ಮ ಹಾಗೆ ಹಿಡಿಯುವುದಿಲ್ಲ ತಮಾ. ತಿರುಗಿಸಿ, ಹಿಡಿಯನ್ನು ಆಚೆ ಮಾಡಿ, ಎರಡೂ ಹೆಬ್ಬೆರಳು ಟ್ರಿಗರ್ ಮೇಲಿಟ್ಟು ಒತ್ತುತ್ತವೆ. ಎರಡು ಹೆಬ್ಬೆರಳಿಗೆ ಐದು ಕಿಲೋ ದೊಡ್ಡದಲ್ಲ. ಆಗ ನಳಿಗೆ ಯಾರ ಕಡೆ ಇರುತ್ತದೆ ಎಂದು ನಾನು ಬರೆಯುವುದಿಲ್ಲ.

ಸಿಟ್ಟಾಗಬೇಡ, ಮುಂದಿನದನ್ನು ಹೇಳಿಬಿಡುತ್ತೇನೆ. ಬರೀ ಜೇಬಿಗೆ ಹಾಕಬೇಡ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್, ಅಂದರೆ ಒರೆ, ಬೇಕು. ಜೇಬಿಗೇ ಬೇಕಾದರೆ ಜೇಬಿನದೇ ಹೋಲ್ಸ್ಟರ್ ಸಿಗುತ್ತದೆ, ಆದರೆ ಆ ಜೇಬಿನಲ್ಲಿ ಬೇರೆ ಏನೂ ಇರಕೂಡದು. ಬೈಕಿನ ಕೀಲಿ, ಚಿಲ್ಲರೆ, ಕವಳದ ಸಂಚಿ ಯಾವುದೂ ಬೇಡ. ನನ್ನ ಮಾತು ಕೇಳುವೆಯಾದರೆ ಜೇಬೇ ಬೇಡ, ಅಗಲದ ದಪ್ಪ ಬೆಲ್ಟು ಕಟ್ಟಿ ಸೊಂಟಕ್ಕೆ ಹಾಕು. ತುಸು ಒತ್ತಲಿ. ಒತ್ತಿದರೆ ನೆನಪಿರುತ್ತದೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರವೂ ಸಾರ್ವಜನಿಕ ಜಾಗದಲ್ಲಿ ಹೋಲ್ಸ್ಟರಿನಲ್ಲೇ ಇರಬೇಕು, ಮೇಲಿಂದ ಪೂರ್ತಿ ಮುಚ್ಚಿರಬೇಕು. ಪಂಚೆ ಉಟ್ಟ ದಿನ ಮನೆಯಲ್ಲೇ ಬಿಟ್ಟು ಹೋಗು, ಪಂಚೆಯ ಗಂಟನ್ನು ನಂಬಿ ಯಾರೂ ರಿವಾಲ್ವರ್ ಕಟ್ಟಿಲ್ಲ.

ಹೆಚ್ಚಿನ ರಿವಾಲ್ವರಿಗೆ ಬೇರೆ ಸೇಫ್ಟಿ ಇರುವುದಿಲ್ಲ, ಆ ಗಟ್ಟಿ ಟ್ರಿಗರ್ರೇ ಸೇಫ್ಟಿ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಸರ್ವಿಸಿನಲ್ಲಿದ್ದಾಗ ಪರಿಚಯದವರು ಬಂದು "ಸ್ವಲ್ಪ ಮೆತ್ತಗೆ ಮಾಡಿಕೊಡಿ" ಅಂದರೆ ಕಾಡತೂಸಿಗೆ ಬಡಿಯುವ ಹ್ಯಾಮರಿನ ಸ್ಪ್ರಿಂಗು ಒಂದು ಸುತ್ತು ಕತ್ತರಿಸಿ ಕೊಡುತ್ತಿದ್ದೆ. ಸ್ಪ್ರಿಂಗ್ ಸಡಿಲಾದರೆ ಹ್ಯಾಮರ್ ಬೀಳುತ್ತದೆ, ಆದರೆ ಕಾಡತೂಸಿನ ಹಿಂದೆ ಮದ್ದಿಗೆ ಕಿಡಿ ಹತ್ತಿಸುವ ಪ್ರೈಮರಿಗೆ ಚುಕ್ಕಿಯಷ್ಟೇ ಬೀಳುತ್ತದೆ, ಬೆಂಕಿ ಹತ್ತುವುದಿಲ್ಲ. ಬೇಕಾದಾಗ ಹಾರದು, ಬೇಡವಾದಾಗ ಬೆರಳು ತಾಗಿದರೂ ಹಾರೀತು. ಎಷ್ಟು ಮಂದಿಗೆ ಮಾಡಿಕೊಟ್ಟೆ ಎಂದು ಈಗ ಲೆಕ್ಕ ಸಿಗುವುದಿಲ್ಲ. ನಿನ್ನದನ್ನು ಯಾವ ರಿಪೇರಿಯವನಿಗೂ ಮುಟ್ಟಿಸಬೇಡ. ಹ್ಯಾಮರ್ ಎಳೆದು ನಿಲ್ಲಿಸಿಕೊಂಡು ತಿರುಗಬೇಡ. ಬೆವರಿದ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಇಳಿಸುವಾಗಲೇ ಜಾರುವುದು.

ಗೋವೆಯ ವಿಷಯ. ಮಡಗಾಂವಿಗೆ ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವ ನೀನೇ. ಲೈಸೆನ್ಸಿನಲ್ಲಿ ಕರ್ನಾಟಕ ಎಂದಷ್ಟೇ ಬರೆದಿದ್ದರೆ ಮಾಜಾಳಿ ಚೆಕ್‌ಪೋಸ್ಟ್ ದಾಟಿದ ಗಳಿಗೆಗೆ ನೀನು ಅಪರಾಧಿ. ಮರೆತಿದ್ದೆ ಅಂದರೆ ಯಾರೂ ಕೇಳುವುದಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲೂ ಹಾಗೆಯೇ. ಬ್ಯಾಗಿನ ಮೂಲೆಯಲ್ಲಿ ಉಳಿದ ಒಂದೇ ಒಂದು ಕಾಡತೂಸು ಸಾಕು, ಮಷಿನ್ ಹಿಡಿಯುತ್ತದೆ, ಕೇಸಾಗುತ್ತದೆ. ಎಣಿಸಿಡು. ತಂದದ್ದು ಎಷ್ಟು, ಹೊಡೆದದ್ದು ಎಷ್ಟು, ಉಳಿದದ್ದು ಎಷ್ಟು, ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಿ ರಸೀತಿ ತರುವುದು ನಿನಗೆ ಅಪ್ಪನ ಕೋವಿಯಿಂದಲೇ ಗೊತ್ತು. ಆ ಮಂಗ ಹೆದರಿಸುವ ಕೋವಿ ವರ್ಷಗಟ್ಟಲೆ ಗೋಡೆಯ ಮೊಳೆಗೆ ನೇತಾಡುತ್ತಿತ್ತಲ್ಲ, ನೀವೆಲ್ಲ ಅದರ ಕೆಳಗೇ ಚಾಪೆ ಹಾಸಿ ಮಲಗುತ್ತಿದ್ದಿರಿ. ನಾನು ಬಂದಾಗಲೆಲ್ಲ ನೋಡಿದೆ, ಭಾವನಿಗೆ ಹೇಳಲು ಸಂಕೋಚ. ಹೇಳಲಿಲ್ಲ.

ಕಾಡತೂಸು ಕೊಳ್ಳುವಾಗ ಅಂಗಡಿಯವನಿಗೆ ಅಳತೆ .32 ಎಂದಷ್ಟೇ ಹೇಳಬೇಡ. .32 ಪಿಸ್ತೂಲಿನದು ಬೇರೆ, ರಿವಾಲ್ವರಿನ ಉದ್ದದ್ದು, ತಳಕ್ಕೆ ಅಂಚು ಇರುವುದು, ಬೇರೆ. ಪಿಸ್ತೂಲಿನದು ಕೆಲವು ರಿವಾಲ್ವರಿನ, ಗುಂಡು ತುಂಬುವ ಸಿಲಿಂಡರಿನಲ್ಲಿ ಕೂತಂತೆ ಕಾಣುತ್ತದೆ, ಅದಕ್ಕೇ ಹೇಳಿದ್ದು. ಜೇಬಿನಲ್ಲಿ ಬೆವರು ಕುಡಿದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದರೆ ಸಿಲಿಂಡರಿನ ತೂತಿನಲ್ಲೇ ಅಂಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹಳೆಯದನ್ನು ಗುರಿ ಅಭ್ಯಾಸದ ರೇಂಜಿನಲ್ಲಿ ಹೊಡೆದು ಹೊಸದು ತುಂಬು.

ಹೊಡೆಯುವುದರ ಬಗ್ಗೆ ನೀನು ಕೇಳಿಲ್ಲ, ಕೇಳದೆಯೂ ಹೇಳುತ್ತೇನೆ. .32ಕ್ಕೆ ಒದೆತ ದೊಡ್ಡದಲ್ಲ, ಆದರೆ ಹಿಡಿ ಗಿಡ್ಡ, ಕಿರುಬೆರಳಿಗೆ ಜಾಗವಿಲ್ಲ, ಮೈ ಹಗುರ. ಹಾಗಾಗಿ ಕೈಯಲ್ಲಿ ಕುಣಿಯುತ್ತದೆ. ನಳಿಗೆ ಗಿಡ್ಡವಾದ್ದರಿಂದ ಗುರಿ ನೋಡುವ ಹಿಂದಿನ ಮುಂದಿನ ಗುರುತುಗಳಿಗೆ ಅಂತರ ಕಡಿಮೆ, ಇಲ್ಲಿ ಚೂರು ತಪ್ಪಿದರೂ ಹತ್ತು ಹೆಜ್ಜೆ ಆಚೆ ಅದು ಎಷ್ಟೋ ಪಟ್ಟಾಗುತ್ತದೆ. ಎಡಗೈ ಬೆರಳು ಸಿಲಿಂಡರಿನ ಮುಂದೆ ಬರಬಾರದು, ಅಲ್ಲಿನ ಸಂದಿಯಿಂದ ಬೆಂಕಿ ಚಿಮ್ಮುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಪೊಳ್ಳು ಕಾಡತೂಸು ತರಿಸು, ನಿಜದವನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕು, ಚಿರೆಕಲ್ಲಿನ ಗೋಡೆಯ ಕಡೆಗೇ ಮುಖ ಮಾಡು. ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಪೂರ್ತಿ ಎಳೆ. ಮೊದಲ ದಿನ ಹತ್ತರಲ್ಲಿ ಒಂಬತ್ತು ಸಲ ಬೀಳುತ್ತದೆ.

ಸಿಲಿಂಡರ್ ಪಕ್ಕಕ್ಕೆ ಬೀಳುವುದೋ, ಮಧ್ಯದಲ್ಲಿ ಮಡಚುವುದೋ ನೀನು ಬರೆದಿಲ್ಲ. ಪಕ್ಕಕ್ಕೆ ಬೀಳುವುದಾದರೆ ಗಿಡ್ಡ ನಳಿಗೆಯ ತಳ್ಳುಕೋಲೂ ಗಿಡ್ಡ, ಖಾಲಿ ಚಿಪ್ಪುಗಳು ಅರ್ಧ ಹೊರಬಂದು ನಿಲ್ಲುತ್ತವೆ. ನಳಿಗೆ ಆಕಾಶಕ್ಕೆ ಮಾಡಿ ಅಂಗೈಯಿಂದ ಒಂದೇ ಜೋರು ಏಟು ಕೊಡು. ಚಿಪ್ಪುಗಳನ್ನು ಎತ್ತುವ ನಕ್ಷತ್ರದಂಥ ಪಟ್ಟಿಯ ಅಡಿಗೆ ಉರಿಯದ ಮದ್ದಿನ ಕಾಳು ಕೂತರೆ ಸಿಲಿಂಡರ್ ತಿರುಗುವುದೇ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ತುಕ್ಕೂ ಮರೆವಿನ ಮಗುವೇ. ಮೈ ಅಲ್ಯುಮಿನಿಯಮ್ಮೋ ಟೈಟಾನಿಯಮ್ಮೋ ಇರಬಹುದು, ಒಳಗಿನ ಸ್ಪ್ರಿಂಗು, ಪಿನ್ನು, ಸ್ಕ್ರೂ ಉಕ್ಕಿನವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಹೋಲ್ಸ್ಟರಿನೊಳಗೆ ಬಿಟ್ಟರೆ ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ, ಹದಿನೈದು ದಿನಕ್ಕೆ ಕೆಂಪು ಚುಕ್ಕಿ. ರಾತ್ರಿ ಹೊರತೆಗೆದು ಒಣಬಟ್ಟೆಯಲ್ಲಿ ಒರೆಸು. ವಾರಕ್ಕೊಮ್ಮೆ ಬಟ್ಟೆಗೆ ಎರಡು ಹನಿ ಎಣ್ಣೆ. ಸುರಿಯಬೇಡ, ಎಣ್ಣೆ ಪ್ರೈಮರಿಗೆ ಇಳಿದರೆ ಕಾಡತೂಸು ಕೆಟ್ಟೀತು. ತೆಂಗಿನೆಣ್ಣೆ ಬೇಡವೇ ಬೇಡ, ಚಳಿಗಾಲಕ್ಕೆ ಗಟ್ಟಿಯಾಗಿ ಅಂಟುತ್ತದೆ.

ದುಡ್ಡನ್ನೇ ಬ್ಯಾಂಕಿನ ಮೂಲಕ ಹಾಕಿಸಿಕೊಂಡರೆ ಇದರ ಅಗತ್ಯವೇ ಬೀಳದು. ಇದನ್ನು ನಿನ್ನ ಅಮ್ಮ ನೂರು ಸಲ ಹೇಳಿರುತ್ತಾಳೆ, ನಾನು ನೂರಾ ಒಂದನೆಯವ.

ಬುಧವಾರದ ಶಿರಸಿ ಬಸ್ಸಿಗೆ ಕಬ್ಬಿಣದ ಪೆಟ್ಟಿಗೆ ಕೊಟ್ಟು ಕಳಿಸುತ್ತೇನೆ. ಹಿಂಬದಿಯಲ್ಲಿ ನಾಲ್ಕು ತೂತಿವೆ, ಮರದ ಕಪಾಟಿಗೆ ಬೇಡ, ಗೋಡೆಗೇ ಬೋಲ್ಟ್ ಹಾಕಿಸು, ನಿನ್ನ ಎದೆಯೆತ್ತರಕ್ಕೆ. ಕೀಲಿ ಎರಡು, ಒಂದು ನಿನ್ನ ಉಡಿದಾರಕ್ಕೆ, ಇನ್ನೊಂದು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮನೆಯೊಳಗೆ ಕಾಲಿಟ್ಟ ಮೇಲೆ ಚಪ್ಪಲಿ ಬಿಡುವ ಮೊದಲು ಪೆಟ್ಟಿಗೆ, ಆಮೇಲೆ ಚಹಾ. ಪೆಟ್ಟಿಗೆ ಮುಟ್ಟಿದ ದಿನವೇ ಫೋನ್ ಮಾಡು. ಈ ಕಾಗದ ಓದುತ್ತಿರುವಾಗ ಅದು ಎಲ್ಲಿತ್ತು, ಅದನ್ನೂ ಹೇಳು.

ನಿನ್ನ
ಮಾವ