ನ್ಯೂಟನ್ ಸೋತಿಲ್ಲ, ಸ್ವಾಮಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಿಜ್ಞಾನ ಪುಟದಲ್ಲಿ ಗುರುತ್ವದ ಬಗ್ಗೆ ಬಂದ ಲೇಖನ ಓದಿದೆ. ಬರಹ ಚೆನ್ನಾಗಿಯೇ ಇತ್ತು. ತಕರಾರು ಇರುವುದು ತಲೆಬರಹದ ಮೇಲೆ. ಗುರುತ್ವ ಬಲವೇ ಅಲ್ಲವಂತೆ, ಐನ್‌ಸ್ಟೈನ್ ಮುಂದೆ ನ್ಯೂಟನ್ ಸೋತನಂತೆ. ಇದೇನು ಕುಸ್ತಿಯೇ?

ನಾನು ಭೂಭೌತ ಸರ್ವೆಯಲ್ಲಿ ದುಡಿದು ನಿವೃತ್ತನಾದವನು. ಗುರುತ್ವ ಅಳೆಯುವ ಗ್ರಾವಿಮೀಟರ್ ಎಂಬ ಪೆಟ್ಟಿಗೆ ಹೊತ್ತು ತಿರುಗುವುದೇ ನನ್ನ ಕಸುಬಾಗಿತ್ತು. ಅದರೊಳಗೆ ಇರುವುದು ಸ್ಪ್ರಿಂಗಿಗೆ ತಗುಲಿಸಿದ ಒಂದು ಪುಟ್ಟ ತೂಕ, ಅಷ್ಟೇ. ಗುರುತ್ವ ಒಂಚೂರು ಹೆಚ್ಚಾದರೆ ಸ್ಪ್ರಿಂಗ್ ಒಂಚೂರು ಹಿಗ್ಗುತ್ತದೆ. ಆ ಒಂಚೂರು ಅಂದರೆ ಎಷ್ಟು ಅಂತೀರಿ? ನಾವು ಲೆಕ್ಕ ಇಡುವುದು ಮಿಲಿಗ್ಯಾಲ್ ಎಂಬ ಅಳತೆಯಲ್ಲಿ. ಭೂಮಿಯ ಮೇಲಿನ ಗುರುತ್ವ ಸುಮಾರು 9,80,000 ಮಿಲಿಗ್ಯಾಲ್. ಪೆಟ್ಟಿಗೆಯನ್ನು ನೆಲದಿಂದ ಒಂದು ಮೀಟರ್ ಮೇಲೆತ್ತಿ ಇಟ್ಟರೆ ಅದರಲ್ಲಿ ಬರೀ 0.3 ಕಡಿಮೆಯಾಗುತ್ತದೆ. ಅಷ್ಟೂ ರೀಡಿಂಗ್‌ನಲ್ಲಿ ಕಾಣುತ್ತದೆ! ನೆಲದಡಿ ಭಾರದ ಅದಿರಿದ್ದರೆ ರೀಡಿಂಗ್ ತುಸು ಏರುತ್ತದೆ, ಟೊಳ್ಳಿದ್ದರೆ ಇಳಿಯುತ್ತದೆ. ಪೆಟ್ಟಿಗೆಯನ್ನು ಕದಲಿಸದೆ ಇಟ್ಟರೂ ಬೆಳಗಿನ ರೀಡಿಂಗ್ ಮಧ್ಯಾಹ್ನಕ್ಕೆ ಇರುವುದಿಲ್ಲ. ಸ್ಪ್ರಿಂಗ್ ಸಡಿಲಾಗುತ್ತಾ ಹೋಗುವುದು ಒಂದು ಕಾರಣ. ಇನ್ನೊಂದು ಕಾರಣ ಸೂರ್ಯ ಚಂದ್ರರು. ಸಮುದ್ರ ಉಕ್ಕಿಸುವ ಸೆಳೆತ ನಮ್ಮ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಇದನ್ನು ನೋಡಿ ಉಪಕರಣ ಕೆಟ್ಟಿದೆ ಅಂತ ದೂರು ತರುತ್ತಿದ್ದರು.

ಈ ಲೆಕ್ಕಗಳೆಲ್ಲ ನಡೆಯುವುದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದ ಮೇಲೆಯೇ. ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗ. ಯಾಕೆ ಸೆಳೆಯುತ್ತದೆ ಅಂತ ಅವನು ಹೇಳಲಿಲ್ಲ. ಊಹೆ ಕಟ್ಟುವವನು ನಾನಲ್ಲ ಎಂದು ಆಮೇಲೆ ಖಡಾಖಂಡಿತವಾಗಿ ಬರೆದ.

ನಿಯಮ ಎಲ್ಲಿ ತಡವರಿಸಿತು ಅನ್ನುವುದೂ ಸ್ವಾರಸ್ಯದ ಕಥೆ. ಯುರೇನಸ್ ದಾರಿ ತಪ್ಪುತ್ತಿದ್ದುದನ್ನು ನೋಡಿ, ಆಚೆ ಇನ್ನೊಂದು ಗ್ರಹ ಇರಬೇಕೆಂದು ಫ್ರಾನ್ಸಿನ ಖಗೋಳಜ್ಞ ಲ ವೆರಿಯೇ ಲೆಕ್ಕ ಹಾಕಿದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. 1859ರಲ್ಲಿ ಇದೇ ಮನುಷ್ಯ ಬುಧನ ದಾರಿಯಲ್ಲೂ ಕೊರೆ ಕಂಡು, ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇದೆ ಅಂದ. ಈ ಸಲ ಯಾವ ಗ್ರಹವೂ ಸಿಗಲಿಲ್ಲ. ಆ ಕೊರೆ, ಅಂದರೆ ಲೆಕ್ಕಕ್ಕೂ ಕಂಡದ್ದಕ್ಕೂ ಇದ್ದ ವ್ಯತ್ಯಾಸ, ನೂರು ವರ್ಷಕ್ಕೆ 43 ಆರ್ಕ್‌ಸೆಕೆಂಡ್ ಕೋನ. ಒಂದು ಡಿಗ್ರಿಯಲ್ಲಿ ಇಂಥವು 3600 ಇವೆ. 1915ರಲ್ಲಿ ಐನ್‌ಸ್ಟೈನ್ ಲೆಕ್ಕ ಅದನ್ನು ಸರಿಯಾಗಿ ತುಂಬಿಕೊಟ್ಟಿತು.

ಐನ್‌ಸ್ಟೈನ್ ಪ್ರಕಾರ ಕೈಬಿಟ್ಟ ಕಲ್ಲನ್ನು ಯಾರೂ ಎಳೆಯುವುದಿಲ್ಲ. ಭೂಮಿಯಿಂದಾಗಿ ಸುತ್ತಲಿನ ದೇಶಕಾಲ (ಸ್ಥಳ, ಕಾಲ ಎರಡೂ ಸೇರಿದ ಹಂದರ) ಬಾಗಿದೆ, ಕಲ್ಲು ಅದರಲ್ಲಿ ತನ್ನ ನೇರ ದಾರಿ ಹಿಡಿಯುತ್ತದೆ. ಅಡ್ಡ ಬರುವುದು ನೆಲ. ನನ್ನ ಪೆಟ್ಟಿಗೆಯನ್ನೇ ತಗೊಳ್ಳಿ. ಭೂಮಿ ತೂಕವನ್ನು ಕೆಳಗೆಳೆಯುತ್ತಿದೆ, ಅದಕ್ಕೇ ಸ್ಪ್ರಿಂಗ್ ಹಿಗ್ಗಿದೆ ಅನ್ನುತ್ತಾರೆ ನ್ಯೂಟನ್ ಕಡೆಯವರು. ಸಲೀಸಾಗಿ ಬೀಳಬೇಕಿದ್ದ ತೂಕವನ್ನು ಸ್ಪ್ರಿಂಗ್ ತಡೆದು ಹಿಡಿದಿದೆ ಅನ್ನುತ್ತಾರೆ ಐನ್‌ಸ್ಟೈನ್ ಕಡೆಯವರು. ಪೆಟ್ಟಿಗೆ ಕೈಜಾರಿತು ಅನ್ನಿ. ನೆಲ ಮುಟ್ಟುವ ತನಕ ಸ್ಪ್ರಿಂಗ್ ಹಿಗ್ಗುವುದೇ ಇಲ್ಲ. (ಯಾರೂ ಪರೀಕ್ಷೆ ಮಾಡಲು ಹೋಗಬೇಡಿ, ಅದರ ಬೆಲೆ ಜಾಸ್ತಿ.) ಇದನ್ನೂ ಇಬ್ಬರೂ ಒಪ್ಪುತ್ತಾರೆ. ನನ್ನ ಪುಸ್ತಕದಲ್ಲಿ ಬರೆದುಕೊಳ್ಳುವ ಅಂಕಿ ಎರಡೂ ಲೆಕ್ಕದಲ್ಲಿ ಒಂದೇ.

ಹಾಗಂತ ನಮ್ಮ ಕೆಲಸಕ್ಕೆ ಐನ್‌ಸ್ಟೈನ್ ಬೇಡ ಅಂತಲ್ಲ. ಒಂದು ಮೀಟರಿಗೆ 0.3 ಅಂದೆನಲ್ಲ, ಹಾಗಾಗಿ ಪೆಟ್ಟಿಗೆ ಇಟ್ಟ ಜಾಗದ ಎತ್ತರ ಕರಾರುವಾಕ್ಕಾಗಿ ಗೊತ್ತಿರಬೇಕು. ಅದಕ್ಕೆ ಜಿಪಿಎಸ್ ಬೇಕು. ಸುಮಾರು 20,000 ಕಿ.ಮೀ. ಮೇಲಿರುವ ಉಪಗ್ರಹದಲ್ಲಿ ಗುರುತ್ವದ ಹಿಡಿತ ಕಡಿಮೆ, ಗಡಿಯಾರ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ವೇಗದಿಂದಾಗಿ 7 ಹಿಂದೆ ಬೀಳುತ್ತದೆ. ಉಳಿದ 38 ತಿದ್ದದೆ ಬಿಟ್ಟರೆ ದೂರದ ಲೆಕ್ಕ ಒಂದೇ ದಿನದಲ್ಲಿ ಸುಮಾರು 11 ಕಿ.ಮೀ. ತಪ್ಪುತ್ತದೆ. ನ್ಯೂಟನ್ ಪೆಟ್ಟಿಗೆಗೆ ಎತ್ತರ ಹೇಳಿಕೊಡುವವನು ಐನ್‌ಸ್ಟೈನ್, ಅಲ್ವಾ?

ಪರಮಾಣು, ಕಣಗಳ ಲೋಕದ ಲೆಕ್ಕ ಇಡುವ ಕ್ವಾಂಟಂನವರೂ ಈಗ ಇದೇ ಕಸುಬಿಗೆ ಬಂದಿದ್ದಾರೆ. 1975ರಲ್ಲಿ ಕೊಲೆಲ್ಲಾ, ಓವರ್‌ಹೌಸರ್, ವರ್ನರ್ ಎಂಬ ಮೂವರು ನ್ಯೂಟ್ರಾನ್ ಅಲೆಯನ್ನು ಎರಡಾಗಿ ಸೀಳಿ, ಒಂದನ್ನು ಸ್ವಲ್ಪ ಮೇಲಿನ ದಾರಿಯಲ್ಲಿ ಕಳಿಸಿ, ಮತ್ತೆ ಕೂಡಿಸಿ ನೋಡಿದರು. ಗುರುತ್ವದಿಂದಾಗಿ ಎರಡು ಅಲೆಗಳ ಹೆಜ್ಜೆ ತಪ್ಪಿತ್ತು. ಅವರ ಸೂತ್ರದಲ್ಲಿ ಭೂಮಿಯ ಗುರುತ್ವವೂ ಕ್ವಾಂಟಂ ಲೆಕ್ಕದ ಗುರುತಾದ ಪ್ಲಾಂಕ್ ಸ್ಥಿರಾಂಕವೂ ಅಕ್ಕಪಕ್ಕ ಕೂತಿವೆ. ಈಗ ಸ್ಪ್ರಿಂಗ್ ಬದಲು ತಣ್ಣಗಾಗಿಸಿದ ಪರಮಾಣುಗಳನ್ನೇ ಬೀಳಿಸಿ ಅಳೆಯುವ ಗ್ರಾವಿಮೀಟರ್‌ಗಳಿವೆ. ನನಗೆ ಅವನ್ನು ಹೊರುವ ಯೋಗ ಬರಲಿಲ್ಲ.

ನಿಜವಾದ ಬಿಕ್ಕಟ್ಟು ಇರುವುದು ಬೇರೆ ಕಡೆ. ಮಿಕ್ಕ ಬಲಗಳನ್ನು ಹೊತ್ತೊಯ್ಯುವ ಕಣಗಳಿರುವಂತೆ ಗುರುತ್ವಕ್ಕೂ ಗ್ರಾವಿಟಾನ್ ಎಂಬ ಕಣ ಇರಬೇಕು ಅನ್ನುತ್ತಾರೆ ಕಣ ಭೌತಶಾಸ್ತ್ರದವರು. ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಸಿಗುವುದೂ ಸುಲಭವಲ್ಲ. ಎರಡು ಪ್ರೋಟಾನ್‌ಗಳ ನಡುವೆ ವಿದ್ಯುತ್ ಬಲ ಗುರುತ್ವಕ್ಕಿಂತ ಎಷ್ಟು ಪಟ್ಟು ದೊಡ್ಡದೆಂದರೆ, 1 ಬರೆದು ಅದರ ಮುಂದೆ 36 ಸೊನ್ನೆ ಹಾಕಬೇಕು. ಇನ್ನು ಶಾಖಶಾಸ್ತ್ರದ ದಾರಿಯೂ ಒಂದಿದೆ: ಶಾಖ ಮತ್ತು ಎಂಟ್ರೊಪಿಯ (ಅವ್ಯವಸ್ಥೆಯ ಅಳತೆ ಅನ್ನಿ) ನಿಯಮಗಳಿಂದ ಹೊರಟು ಐನ್‌ಸ್ಟೈನ್ ಸಮೀಕರಣಕ್ಕೇ ಬಂದು ಮುಟ್ಟಬಹುದೆಂದು 1995ರಲ್ಲಿ ಜೇಕಬ್‌ಸನ್ ಎಂಬ ಭೌತವಿಜ್ಞಾನಿ ತೋರಿಸಿದ. ಅದು ನನ್ನ ಬುದ್ಧಿಗೆ ತುಸು ಭಾರ. ಕಪ್ಪುರಂಧ್ರದ ನಡುವೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಐನ್‌ಸ್ಟೈನ್ ಸಾಪೇಕ್ಷತೆಯ ಲೆಕ್ಕ ಅನಂತಕ್ಕೆ ಹೋಗಿ ಕೈಚೆಲ್ಲುತ್ತದೆ. ಅಲ್ಲಿ ಕ್ವಾಂಟಂ ಬೇಕೇ ಬೇಕು, ಎರಡನ್ನೂ ಹೊಂದಿಸುವ ಸಿದ್ಧಾಂತ ಇನ್ನೂ ಕೈಗೆ ಬಂದಿಲ್ಲ.

ಕೊನೆಗೊಂದು ಕೋರಿಕೆ. ಮುಂದಿನ ಸಲ ದೊಡ್ಡ ಜಿ ಬಗ್ಗೆ ಬರೆಯಿಸಿ. ಒಂದು ಜಾಗದ ಗುರುತ್ವವನ್ನು ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟು ಸೂಕ್ಷ್ಮವಾಗಿ ಅಳೆಯುವ ಉಪಕರಣಗಳಿವೆ. ಆದರೆ ನ್ಯೂಟನ್ ಸೂತ್ರದಲ್ಲಿ ಬರುವ ಆ ಸ್ಥಿರಾಂಕ, 1798ರಲ್ಲಿ ಕ್ಯಾವೆಂಡಿಶ್ ಸೀಸದ ಗುಂಡುಗಳನ್ನಿಟ್ಟು ಮಾಡಿದ ಪ್ರಯೋಗದಿಂದ ಸಿಗುವ ಅಂಕಿ, ಇವತ್ತಿಗೂ ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಪೂರ್ತಿ ತಾಳೆಯಾಗುತ್ತಿಲ್ಲ. ತಲೆಬರಹಕ್ಕೆ ಬೇಕಾದ ಜಗಳ ಅಲ್ಲಿ ನಿಜವಾಗಿಯೂ ಇದೆ.

ಇಂತಿ,
ಒಬ್ಬ ನಿವೃತ್ತ ಭೂಭೌತ ವಿಜ್ಞಾನಿ