ಟಸ್ಕನಿಯ ಸೈಕಲ್ ದಾರಿ: ಕಿಲೋಮೀಟರ್ ಮಾತ್ರ ಹೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಸೈಕಲ್ ಪ್ರವಾಸ ಮಾಡುವ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಸೈಪ್ರೆಸ್ ಮರಗಳ ಸಾಲು, ದ್ರಾಕ್ಷಿ ತೋಟ, ಗುಡ್ಡದ ನೆತ್ತಿಯ ಕೋಟೆ ಎಲ್ಲವೂ ಇದ್ದವು. ಎಷ್ಟು ಮೀಟರ್ ಹತ್ತಬೇಕು ಎಂಬ ಲೆಕ್ಕ ಮಾತ್ರ ಎಲ್ಲೂ ಇರಲಿಲ್ಲ. ‘ದಿನಕ್ಕೆ 80 ಕಿ.ಮೀ., ಯಾರು ಬೇಕಾದರೂ ಆರಾಮಾಗಿ ತುಳಿಯಬಹುದು’ ಎಂಬ ಸಾಲನ್ನು ನಂಬಿ ವಿಮಾನದ ಟಿಕೆಟ್ ಮಾಡಿಸುವವರು ಇದ್ದೇ ಇರುತ್ತಾರೆ. ಅವರಿಗಾಗಿ ಈ ಪತ್ರ.

ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕಿಯಾಂಟಿ ಸೀಮೆಯಲ್ಲಿ ಆಲ್ಪ್ಸ್ ಪರ್ವತದಂತಹ ಇಪ್ಪತ್ತು ಕಿಲೋಮೀಟರಿನ ಘಾಟಿಗಳಿಲ್ಲ. ಎರಡರಿಂದ ಐದು ಕಿ.ಮೀ. ಏರು, ಅಷ್ಟೇ ಇಳಿತ, ಕೆಳಗೊಂದು ಹಳ್ಳ, ಅದನ್ನು ದಾಟಿದರೆ ಮತ್ತೆ ಏರು. ದಿನವಿಡೀ ಇದೇ. ಇದಕ್ಕೆ ಚರಿತ್ರೆಯೇ ಕಾರಣ. ಮಧ್ಯಯುಗದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ಈ ನೆಲಕ್ಕಾಗಿ ಕಾದಾಡುತ್ತಲೇ ಇದ್ದವು. ತಗ್ಗಿನಲ್ಲಿ ಜೌಗು, ಮಲೇರಿಯಾ. ಹಾಗಾಗಿ ಜನ ಗುಡ್ಡದ ತಲೆಯ ಮೇಲೆ ಗೋಡೆ ಕಟ್ಟಿಕೊಂಡು ಬದುಕಿದರು. ಫ್ಲಾರೆನ್ಸಿನ ಮೇಲೆ ಕಣ್ಣಿಡಲು ಸಿಯೆನಾದವರು 1213ರಿಂದ ಕಟ್ಟಿದ ಮೊಂಟೆರಿಜ್ಜೋನಿ ಇಂದಿಗೂ ಬುರುಜುಗಳ ಸಮೇತ ನಿಂತಿದೆ. ದಕ್ಷಿಣಕ್ಕೆ ಮೊಂಟಾಲ್ಚೀನೊ ಸುಮಾರು 560 ಮೀಟರ್ ಎತ್ತರದಲ್ಲಿದೆ, ಅದರ ಕೋಟೆ 1361ರದು. ಶತ್ರು ಹತ್ತಲಾರದ ಜಾಗ ನೋಡಿ ಕಟ್ಟಿದ ಊರಿಗೆ ಸೈಕಲ್ ಸಲೀಸಾಗಿ ಹತ್ತುವುದಾದರೂ ಹೇಗೆ? ಎಷ್ಟೋ ಕಡೆ ಅತಿ ಕಡಿದಾದ ತುಣುಕು ಇರುವುದು ಕೊನೆಗೆ, ಹೆಬ್ಬಾಗಿಲಿನ ಬುಡದಲ್ಲಿ, ಕಾಲು ಸೋತ ಮೇಲೆ.

ಆದ್ದರಿಂದ ದೂರದ ಜತೆಗೆ ಒಟ್ಟು ಏರನ್ನೂ ಅತಿ ಕಡಿದಾದ ಜಾಗದ ಶೇಕಡಾವಾರನ್ನೂ (100 ಮೀಟರ್ ಸಾಗಿದರೆ ಎಷ್ಟು ಮೀಟರ್ ಏರು ಎಂಬುದನ್ನು) ಅಚ್ಚು ಮಾಡಬೇಕೆಂದು ಕೋರುತ್ತೇನೆ. ಒಟ್ಟು ಏರನ್ನು ಕಿಲೋಮೀಟರಿನಿಂದ ಭಾಗಿಸಿ. ಕಿ.ಮೀ.ಗೆ 5 ಮೀಟರ್ ಬಂದರೆ ಸಮತಟ್ಟು ಎನ್ನಬಹುದು. 10 ಬಂದರೆ ಉಬ್ಬುತಗ್ಗಿನ ದಾರಿ, 15 ದಾಟಿದರೆ ಕಷ್ಟದ್ದು. ಕಿಯಾಂಟಿಯ ಗಯೋಲೆ ಊರಿನಿಂದ ಹೊರಡುವ, ಹಳೆಯ ಕಾಲದ ಸೈಕಲ್‌ಗಳ ಸವಾರಿಗೆ ಪ್ರಸಿದ್ಧವಾದ ಲೆರೋಯಿಕಾ ದಾರಿಯ ಪೂರ್ತಿ ಸುತ್ತು 209 ಕಿ.ಮೀ., ಏರು ಮೂರೂವರೆ ಸಾವಿರ ಮೀಟರ್ ಮೀರುತ್ತದೆ. ಅಂದರೆ ಕಿ.ಮೀ.ಗೆ 17ರ ಆಸುಪಾಸು. ಸಮಯದ ಅಂದಾಜಿಗೆ, ಸಮತಟ್ಟಿನಲ್ಲಿ ಹಿಡಿಯುವ ಹೊತ್ತಿಗೆ ಪ್ರತಿ 100 ಮೀಟರ್ ಏರಿಗೆ ಐದು ನಿಮಿಷ ಕೂಡಿಸಿ. 80 ಕಿ.ಮೀ.ಯಲ್ಲಿ 1,400 ಮೀಟರ್ ಏರಿದ್ದರೆ, ಗಂಟೆಗೆ 22 ಕಿ.ಮೀ. ತುಳಿಯುವವರಿಗೆ ಐದು ಗಂಟೆಗೆ ಸ್ವಲ್ಪ ಕಡಿಮೆ. ಕೋಟೆ ನೋಡುವುದು, ಊಟ, ಪಂಕ್ಚರ್ ಎಲ್ಲ ಬೇರೆ.

ಗೇರಿನ ವಿಷಯಕ್ಕೆ ಬರುತ್ತೇನೆ, ಎಡವುವುದು ಹೆಚ್ಚಾಗಿ ಇಲ್ಲೇ. ಸವಾರ, ಸೈಕಲ್ ಸೇರಿ 85 ಕೆ.ಜಿ. ಎಂದುಕೊಳ್ಳಿ. ಶೇ 10ರ ಏರನ್ನು ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತಲು ಭಾರ ಎತ್ತುವುದಕ್ಕೇ 140 ವಾಟ್ ಬೇಕು. ಅದೇ ಶಕ್ತಿ ಸಮತಟ್ಟಿನಲ್ಲಿ 27-28 ಕಿ.ಮೀ. ವೇಗ ಕೊಡುತ್ತದೆ. ಶೇ 15 ಆದರೆ 200 ವಾಟ್ ದಾಟುತ್ತದೆ. ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಗಾಲಿಯ ಹಲ್ಲುಚಕ್ರಕ್ಕೆ 28 ಇದ್ದರೆ ಆ 6 ಕಿ.ಮೀ. ವೇಗದಲ್ಲಿ ಪೆಡಲು ನಿಮಿಷಕ್ಕೆ 38 ಸುತ್ತು ತಿರುಗುತ್ತದೆ, ಹೊರೆಯೆಲ್ಲ ಮಂಡಿಯ ಮೇಲೆ. ಹಿಂದೆ 34 ಹಾಕಿದರೆ 46 ಸುತ್ತು. ಮುಂದಿನದನ್ನೂ 30ಕ್ಕೆ ಇಳಿಸಿದರೆ 53. ರೇಸಿನವರು ನಗಬಹುದು, ನಗಲಿ. ಮೂರನೆಯ ದಿನವೂ ತುಳಿಯಬೇಕಾದವರಿಗೆ ಈ ಕೊನೆಯದೇ ಸರಿ.

ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮಾತ್ರ ಬದಲಿಸಿ ಹೊರಡಬೇಡಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ಕೇಜು (ಚೈನನ್ನು ಬಿಗಿಯಾಗಿಡುವ ತೋಳು) ಗಿಡ್ಡವಾಗಿದ್ದರೆ ಅದು ಸಾಮಾನ್ಯವಾಗಿ 28 ಅಥವಾ 30 ಹಲ್ಲಿನವರೆಗಷ್ಟೇ ತಡೆಯುತ್ತದೆ. 34ಕ್ಕೆ ಉದ್ದ ಕೇಜು ಬೇಕು, ಚೈನೂ ಉದ್ದವಾಗಬೇಕು. ಡಿರೇಲರಿನೊಳಗೆ ತೂರಿಸದೆ, ಮುಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಚೈನನ್ನು ಸುತ್ತಿ, ತುದಿಗಳು ಸೇರುವ ಜಾಗದಿಂದ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸುವುದು ರೂಢಿ. ಚೈನು ಗಿಡ್ಡವಾಗಿದ್ದು, ಗಡಿಬಿಡಿಯಲ್ಲಿ ಎರಡೂ ದೊಡ್ಡ ಹಲ್ಲುಚಕ್ರಗಳಿಗೆ ಗೇರು ಬಿದ್ದರೆ ಡಿರೇಲರೇ ಕಿತ್ತು ಬರುತ್ತದೆ, ಜತೆಗೆ ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕೂಡ. ಒಂದು ಹೊಸ ಹ್ಯಾಂಗರ್ ಚೀಲದಲ್ಲಿರಲಿ. ಅದು ಒಂದೊಂದು ಫ್ರೇಮಿಗೆ ಒಂದೊಂದು ಅಳತೆ, ಹಳ್ಳಿಯ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಆ್ಯಪ್ ತೋರಿಸುವ ಏರಿನ ಚಿತ್ರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಎತ್ತರದ ದತ್ತಾಂಶ ಎಷ್ಟೋ ವೇಳೆ 30 ಮೀಟರಿನ ಚೌಕಗಳಲ್ಲಿರುತ್ತದೆ. ಗುಡ್ಡದ ಪಕ್ಕೆಯನ್ನು ಕಡಿದು ಮಾಡಿದ ರಸ್ತೆ ಒಂದು ಚೌಕ ಆಚೀಚೆ ಆದರೆ ಇಲ್ಲದ ಏರು ಹುಟ್ಟಿಕೊಳ್ಳುತ್ತದೆ. ಊರ ಬಾಗಿಲಿನ ಎಂಬತ್ತು ಮೀಟರಿನ ಚಡಾವು ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಒಂದೇ ದಾರಿಗೆ ಎರಡು ಆ್ಯಪ್ ಎರಡು ಮೊತ್ತ ಹೇಳುವುದು ಇದಕ್ಕೇ. ವಾಯುಭಾರ ಮಾಪಕ ಇರುವ ಸೈಕಲ್ ಕಂಪ್ಯೂಟರಿನಲ್ಲಿ ಯಾರಾದರೂ ಸವಾರಿ ಮಾಡಿ ದಾಖಲಿಸಿದ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ (ಮಳೆನೀರು ರಂಧ್ರಕ್ಕೆ ಹೋಗಿದ್ದರೆ ಅದೂ ಕೆಡುತ್ತದೆ). ‘5 ಕಿ.ಮೀ., ಸರಾಸರಿ ಶೇ 4’ ಎಂದಿದ್ದರೆ ನಡುವೆ ಇಳಿತ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಉಳಿದದ್ದು ಶೇ 8 ದಾಟಬಹುದು.

ಲೇಖನ ‘ಬಿಳಿ ರಸ್ತೆ’ಗಳನ್ನು ಚೆನ್ನಾಗಿ ವರ್ಣಿಸಿತ್ತು. ಸುಣ್ಣಕಲ್ಲಿನ ಜಲ್ಲಿಪುಡಿ ಹಾಸಿದ ಮಣ್ಣಿನ ದಾರಿಗಳವು. 2007ರಲ್ಲಿ ಶುರುವಾದ ಸ್ಟ್ರಾದೆ ಬಿಯಾಂಕೆ ರೇಸಿನಿಂದ ಲೋಕಪ್ರಸಿದ್ಧವಾದವು. ಆ ರೇಸಿನ ಮೊಂಟೆ ಸಾಂತೆ ಮಾರಿಯೆ ಎಂಬ ಭಾಗ ಒಂದೇ ಉಸಿರಿಗೆ 11.5 ಕಿ.ಮೀ. ಜಲ್ಲಿ, ಲೆ ತೋಲ್ಫೆ ಒಂದು ಕಿಲೋಮೀಟರಿಗೆ ತುಸು ಹೆಚ್ಚು, ಆದರೆ ಅತಿ ಕಡಿದಾದಲ್ಲಿ ಶೇ 18. ಜಲ್ಲಿಯ ಮೇಲೆ ಎದ್ದು ನಿಂತು ತುಳಿದರೆ ಭಾರ ಮುಂದಕ್ಕೆ ಜರುಗಿ ಹಿಂದಿನ ಚಕ್ರ ಜಾರಿ ಗಿರ್ರನೆ ತಿರುಗುತ್ತದೆ. ಸೀಟಿನ ತುದಿಗೆ ಸರಿದು, ಎದೆ ತಗ್ಗಿಸಿ, ಕುಳಿತೇ ಹತ್ತಬೇಕು. ಕುಳಿತು ಹತ್ತಲು ಸಣ್ಣ ಗೇರೇ ಬೇಕು.

ಟೈರು 32 ಮಿ.ಮೀ. ಇರಲಿ, 28 ಎಂಬುದು ಕನಿಷ್ಠ. 75 ಕೆ.ಜಿ. ಸವಾರರಿಗೆ ಟ್ಯೂಬ್‌ಲೆಸ್ 32ರಲ್ಲಿ ಹಿಂದೆ 50 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ), ಮುಂದೆ 46ರ ಸುತ್ತಮುತ್ತ ಸಾಕು; ಟ್ಯೂಬ್ ಇದ್ದರೆ ಐದೈದು ಹೆಚ್ಚಿಸಿ. ಗಾಳಿ ಇನ್ನೂ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಚಚ್ಚಿ ಜೋಡಿ ತೂತು ಬೀಳುತ್ತದೆ. ಜಾಸ್ತಿಯಾದರೆ ಚಕ್ರ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತದೆ, ಹಿಡಿತ ತಪ್ಪುತ್ತದೆ. ಬಿಳಿ ಧೂಳು ಗಟ್ಟಿ ಎಣ್ಣೆಯ ಜತೆ ಸೇರಿದರೆ ಸಾಣೆ ಹಿಡಿಯುವ ಹಿಟ್ಟಾಗಿ ಚೈನನ್ನು ತಿನ್ನುತ್ತದೆ. ಅಲ್ಲಿಗೆ ಮೇಣದ ಲೂಬ್ರಿಕೆಂಟೇ ವಾಸಿ.

ಸಿಯೆನಾದ ಆಗ್ನೇಯಕ್ಕೆ, ಅಶ್ಶಾನೊ ಕಡೆಯ ಕ್ರೇತೆ ಸೆನೇಸಿಯಲ್ಲಿ ನೆಲವೆಲ್ಲ ಜೇಡಿಮಣ್ಣು. ಮಳೆ ಬಿದ್ದ ಮರುದಿನ ಅಲ್ಲಿನ ಮಣ್ಣುದಾರಿಗೆ ಇಳಿಯಲೇಬೇಡಿ. ಮಣ್ಣು ಟೈರಿಗೆ ಅಂಟಿ, ಫ್ರೇಮಿನ ಸಂದಿಯಲ್ಲಿ ಗಿಡಿದು, ಚಕ್ರ ನಿಂತೇ ಹೋಗುತ್ತದೆ. ಬಲವಂತವಾಗಿ ತಳ್ಳಿದರೆ ಮಣ್ಣಿನೊಳಗಿನ ಹರಳು ಕಾರ್ಬನ್ ಫ್ರೇಮನ್ನು ಉಜ್ಜಿ ಗಾಯ ಮಾಡುತ್ತದೆ. ಅಂಥ ದಿನ ಡಾಂಬರು ರಸ್ತೆಯೇ ಗತಿ.

ಇಳಿಜಾರಿನಲ್ಲಿ ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಹಿಡಿದಿಟ್ಟುಕೊಳ್ಳುವುದು ಹೊಸಬರ ಅಭ್ಯಾಸ. ಬಿಸಿ ಆರಲು ಪುರಸೊತ್ತೇ ಸಿಗುವುದಿಲ್ಲ. ರಿಮ್ ಬ್ರೇಕಿನ ಕಾರ್ಬನ್ ರಿಮ್ಮು ಸೊಟ್ಟಗಾಗಬಹುದು, ಡಿಸ್ಕಿನ ರೆಸಿನ್ ಪ್ಯಾಡು ಗಾಜಿನಂತೆ ನುಣುಪಾಗಿ ಹಿಡಿಯುವುದನ್ನೇ ಬಿಡುತ್ತದೆ. ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗ, ಎರಡೂ ಬ್ರೇಕನ್ನು ಜೋರಾಗಿ ಹಿಡಿದು, ಆಮೇಲೆ ಪೂರ್ತಿ ಸಡಿಲಿಸಿ. ತಿರುವಿನೊಳಗೆ, ಅದರಲ್ಲೂ ಜಲ್ಲಿಯಲ್ಲಿ, ಮುಂದಿನ ಬ್ರೇಕ್ ಮುಟ್ಟಿದಿರೋ ಬಿದ್ದಿರಿ. ಪ್ಯಾಡಿನ ದಪ್ಪ ಒಂದು ಮಿ.ಮೀ.ಗೆ ಬಂದಿದ್ದರೆ ಹೊರಡುವ ಮುನ್ನವೇ ಬದಲಿಸಿ.

ಊರೊಳಗೆ ಕಲ್ಲುಚಪ್ಪಡಿ. ಸಿಯೆನಾದಲ್ಲಿ ರೇಸಿನ ಕೊನೆಗೆ ಬರುವ ವಿಯಾ ಸಾಂತಾ ಕತೆರೀನಾ ಓಣಿ ಶೇ 16ರವರೆಗೆ ಏರುತ್ತದೆ. ಒದ್ದೆಯಾದಾಗ ತಳ್ಳಿಕೊಂಡು ಹೋದರೆ ಮರ್ಯಾದೆಯೇನೂ ಹೋಗದು. ರೋಡ್ ಸೈಕಲಿನ ಶೂ ತಳದಲ್ಲಿ ಪೆಡಲಿಗೆ ಸಿಕ್ಕಿಕೊಳ್ಳಲು ಇರುವ ಉಬ್ಬಿದ ಕ್ಲೀಟು ಕೋಟೆಯ ಮೆಟ್ಟಿಲಿಗೆ ಒಗ್ಗುವುದಿಲ್ಲ. ಕ್ಲೀಟು ಒಳಗೆ ಹುದುಗಿರುವ ಎರಡು ಬೋಲ್ಟಿನ ಶೂ ತೊಟ್ಟರೆ ನಡೆಯಲೂ ಬರುತ್ತದೆ. ನೀರಿಗೆ ಹಳ್ಳಿಯ ಚೌಕಗಳಲ್ಲಿ ನಲ್ಲಿ ಸಿಗುತ್ತದೆ. ‘ನೋನ್ ಪೊತಾಬಿಲೆ’ ಎಂಬ ಫಲಕವಿದ್ದರೆ ಅದು ಕುಡಿಯುವ ನೀರಲ್ಲ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಅಂಗಡಿಗಳು ಕೆಲವು ಗಂಟೆ ಬಾಗಿಲು ಹಾಕುತ್ತವೆ, ತಿನ್ನಲು ಬೇಕಾದ್ದನ್ನು ಬೆಳಿಗ್ಗೆಯೇ ಜೇಬಿಗೆ ಹಾಕಿಕೊಳ್ಳಿ. ಜುಲೈ, ಆಗಸ್ಟ್ ಬೇಡ. ಏಪ್ರಿಲ್‌ನಿಂದ ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು.

ಇಟಲಿಯ ಕಾನೂನಿನ ಪ್ರಕಾರ ಊರ ಹೊರಗೆ ಸೈಕಲ್‌ಗಳು ಒಂದರ ಹಿಂದೊಂದು ಹೋಗಬೇಕು, ಅಕ್ಕಪಕ್ಕ ಹರಟುತ್ತಾ ಅಲ್ಲ. ಊರ ಹೊರಗೆ ಕತ್ತಲಾದ ಮೇಲೆ, ಹಾಗೂ ಸುರಂಗದೊಳಗೆ, ಬೆಳಕು ಪ್ರತಿಫಲಿಸುವ ಮೇಲಂಗಿ ಕಡ್ಡಾಯ. ಬೆಲ್ಲೂ ಬೇಕು.

ಕೊನೆಯದಾಗಿ, ಲೇಖನದ ಜತೆಗಿದ್ದ ನಕ್ಷೆ. ಫ್ಲಾರೆನ್ಸ್‌ನಿಂದ ಸಿಯೆನಾಗೆ ಅದರಲ್ಲಿ ಎಳೆದಿದ್ದ ಕೆಂಪು ಗೆರೆ ಎರಡು ನಗರಗಳನ್ನು ಕೂಡಿಸುವ ವೇಗದ ಹೆದ್ದಾರಿಯದು. ಅಲ್ಲಿ ಸೈಕಲ್‌ಗೆ ಪ್ರವೇಶವೇ ಇಲ್ಲ. ಹೋಗಬೇಕಾದದ್ದು 222ನೆಯ ಸಂಖ್ಯೆಯ ಕಿಯಾಂಟಿಜಾನಾ ರಸ್ತೆಯಲ್ಲಿ: ಗ್ರೇವೆ, ಪಾನ್ಜಾನೊ, ಕಸ್ಟೆಲ್ಲೀನಾ ಮೂಲಕ, ಸುಮಾರು 70 ಕಿ.ಮೀ. ಹತ್ತಲಾಗದವರಿಗೆ ಫ್ಲಾರೆನ್ಸ್‌ನಿಂದ ಸಿಯೆನಾಗೆ ಪ್ರಾದೇಶಿಕ ರೈಲಿದೆ. ಬಾಗಿಲ ಮೇಲೆ ಸೈಕಲ್ ಚಿತ್ರವಿರುವ ಬೋಗಿಗೆ ಹತ್ತಿಸಬೇಕು, ಸೈಕಲ್‌ಗೆ ಬೇರೆ ಟಿಕೆಟ್. ಮುಂದಿನ ಭಾನುವಾರದ ಪುರವಣಿಯಲ್ಲಿ ನಕ್ಷೆಯ ತಿದ್ದುಪಡಿಯನ್ನಾದರೂ ಪ್ರಕಟಿಸಬೇಕಾಗಿ ವಿನಂತಿ.

ಇಂತಿ,
ತಮ್ಮ ಪತ್ರಿಕೆಯ ಓದುಗ