ಕೇಸ್ ಮುಗಿಯಿತು, ಒಂದು ಥ್ಯಾಂಕ್ಸ್ ಬಾಕಿ ಇದೆ

ಇಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ರಕ್ಷಣೆಯ ಇಲಾಖೆಯವರು ಮಗನನ್ನು ನನ್ನಿಂದ ಕರೆದೊಯ್ದಿದ್ದ ಕೇಸ್ ಹೋದ ವಾರ ಮುಗಿಯಿತು. ಮಗ ಪಕ್ಕದ ರೂಮಿನಲ್ಲಿ ಕಾರ್ಟೂನ್ ಜೋರಾಗಿ ಹಾಕಿಕೊಂಡು ಕೂತಿದ್ದಾನೆ. ಸೌಂಡ್ ಕಡಿಮೆ ಮಾಡು ಅನ್ನಲು ಮನಸ್ಸೇ ಬರುತ್ತಿಲ್ಲ. ಏನಾಯಿತು, ಯಾಕಾಯಿತು ಎಂದು ನಿಮಗೆಲ್ಲ ಗೊತ್ತು. ಮತ್ತೆ ಕೆದಕುವುದು ಬೇಡ.

ಡಬ್ಬಿ ಕಳಿಸಿದ ಕ್ವೀನ್ಸ್‌ನ ಗೆಳತಿಯರು, ಕೋರ್ಟಿನ ದಿನ ಕಾರು ಕೊಟ್ಟ ಅಣ್ಣ, ಕೋರ್ಟೇ ಕೊಟ್ಟ ವಕೀಲರು, ಊರಿಂದ ದಿನಾ ಫೋನ್ ಮಾಡಿದ ಅಮ್ಮ, ಎಲ್ಲರಿಗೂ ಥ್ಯಾಂಕ್ಸ್.

ಇನ್ನು ಅಕ್ಕನ ವಿಷಯ. ಅವರಿಗೆ ಕನ್ನಡ ಬರುವುದಿಲ್ಲ, ‘ಅಕ್ಕ’ ಅನ್ನುವ ಒಂದು ಪದ ಬಿಟ್ಟು. ಹೆಸರು ಹಾಕಬೇಡ ಅಂದಿದ್ದಾರೆ. ಅವರು ಪೇರೆಂಟ್ ಅಡ್ವೊಕೇಟ್, ಅಂದರೆ ಇಂಥ ಕೇಸ್‌ಗಳಲ್ಲಿ ಹೆತ್ತವರ ಜೊತೆ ನಿಲ್ಲುವವರು. ವಕೀಲರಲ್ಲ. ಒಂದು ಕಾಲಕ್ಕೆ ಅವರ ಇಬ್ಬರು ಮಕ್ಕಳನ್ನೂ ಹೀಗೇ ಕರೆದೊಯ್ದಿದ್ದರು. ವಾಪಸ್ ಬಂದದ್ದು ಹದಿನಾಲ್ಕನೇ ತಿಂಗಳಲ್ಲಿ. ಇಲ್ಲಿ 1997ರ ಕಾನೂನೊಂದಿದೆ: ಮಗು 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿ, ಅಂದರೆ ಸರ್ಕಾರ ಗೊತ್ತುಮಾಡಿದ ಬೇರೆಯವರ ಆರೈಕೆಯಲ್ಲಿ, ಇದ್ದರೆ, ಸಾಮಾನ್ಯವಾಗಿ ಹೆತ್ತವರ ಹಕ್ಕನ್ನೇ ರದ್ದು ಮಾಡಲು ಅರ್ಜಿ ಬೀಳುತ್ತದೆ. ಆ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದವರು ಅವರು.

ಮಗನನ್ನು ಕರೆದೊಯ್ದ ಮರುದಿನದ ಮೀಟಿಂಗ್‌ನಲ್ಲಿ ಪರಿಚಯ. ಫೋನಿನಲ್ಲಿ ಹಿಂದಿ ದುಭಾಷಿ ಕಾಯುತ್ತಿದ್ದರು. ನನಗೆ ಬಾಯೇ ಹೊರಡಲಿಲ್ಲ. ಅಕ್ಕ ಎದ್ದು, “ಇವರದು ಹಿಂದಿ ಅಲ್ಲ, ಕೆನಡಾ” ಅಂದರು. ಎಲ್ಲರೂ ಗಲಿಬಿಲಿ! ಆದರೂ ಕನ್ನಡದವರು ಸಿಗುವವರೆಗೆ ಮೀಟಿಂಗ್ ಶುರುವಾಗಲು ಬಿಡಲಿಲ್ಲ.

ಆ ರಾತ್ರಿ ಹತ್ತಕ್ಕೆ ಅವರಿಗೆ ಫೋನ್ ಮಾಡಿದೆ. ಬೆಳಗಿನ ಐದರವರೆಗೂ ಅವರು ಫೋನ್ ಇಡಲಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಒಂದು ಸಲವೂ ಹೇಳಲಿಲ್ಲ. “ಪೆನ್ನು ತಗೋ, 1028 ಅಂತ ಬರಿ” ಅಂದರು. ನ್ಯೂಯಾರ್ಕಿನ ಫ್ಯಾಮಿಲಿ ಕೋರ್ಟಿನಲ್ಲಿ ಮಗುವನ್ನು ವಾಪಸ್ ಕೇಳುವ ಸೆಕ್ಷನ್ ಅದು. ಕೇಳಿದರೆ ಸಾಮಾನ್ಯವಾಗಿ ಕೋರ್ಟ್ ನಡೆಯುವ ಮೂರು ದಿನದೊಳಗೆ ವಿಚಾರಣೆ ಆಗಬೇಕು. ಬರೆದು ಫ್ರಿಜ್ಜಿಗೆ ಅಂಟಿಸಿದೆ. ಆಮೇಲೆ ಮಾತು ಕಡಿಮೆ. ಆ ಕಡೆ ಅವರು ಪಾತ್ರೆ ತೊಳೆಯುವ ಸದ್ದು, ಈ ಕಡೆ ನನ್ನ ಅಳು.

ಮೂರರ ಹೊತ್ತಿಗೆ, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ಅನ್ನಬಾರದ್ದನ್ನು ಅಂದುಬಿಟ್ಟೆ. ನಾನು ಕೆಟ್ಟ ತಾಯಿಯೇ ಇರಬೇಕು, ಅವನು ಅಲ್ಲೇ ಇರಲಿ ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾನೂ ಹಾಗೇ ಅಂದಿದ್ದೆ. ಅವನ ದಿಂಬಿನ ಕವರ್ ತೆಗೆದಿಡು. ಒಗೆಯಬೇಡ.”

ಮೊದಲ ಭೇಟಿಯಲ್ಲಿ ಅವನು ಆ ಕವರನ್ನು ಮೂಗಿಗೆ ಒತ್ತಿಕೊಂಡು ಕೂತ. ಆಟದ ಸಾಮಾನಿನ ಕಡೆ ತಿರುಗಿಯೂ ನೋಡಲಿಲ್ಲ.

ಭಾನುವಾರ ಅಕ್ಕ ಊಟಕ್ಕೆ ಬರುತ್ತಿದ್ದಾರೆ. ಬಿಸಿಬೇಳೆಬಾತ್ ಮಾಡುತ್ತೇನೆ, ಖಾರ ಸ್ವಲ್ಪ ಕಡಿಮೆ. ಆಗುವವರು ಬನ್ನಿ. ಕೆನಡಾ ವಿಷಯ ಮಾತ್ರ ಎತ್ತಬೇಡಿ, ಇನ್ನೂ ನಾಚಿಕೊಳ್ಳುತ್ತಾರೆ.